ಬಿಸಿನೀರಿನ ಮೂರ್ಛೆರೋಗ: ಅರಿವು ಮನೆಮನೆ ತಲುಪಲಿ

ಮಾನ್ಯರೇ,

ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಮೂರ್ಛೆರೋಗದ ಬಗ್ಗೆ ನಮ್ಮ ವೈದ್ಯರು ದಶಕಗಳಿಂದ ಗಳಿಸಿದ ತಿಳಿವಳಿಕೆ ಇನ್ನೂ ನಮ್ಮ ಬಚ್ಚಲುಮನೆಗಳನ್ನು ತಲುಪಿಲ್ಲ. ನಿಮ್ಹಾನ್ಸ್‌ನ ನರರೋಗ ತಜ್ಞ ಡಾ. ಪಿ. ಸತೀಶ್‌ಚಂದ್ರ ಅವರು 1988ರಲ್ಲಿ ಸಹೋದ್ಯೋಗಿಗಳೊಂದಿಗೆ ಇಂತಹ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಮುಂದೆ ಅವರ ತಂಡವು ಮಿದುಳಿನ ರಕ್ತಸಂಚಾರವನ್ನು ತೋರಿಸುವ ಸ್ಪೆಕ್ಟ್ ಚಿತ್ರಣದ ನೆರವಿನಿಂದಲೂ ಈ ಕಾಯಿಲೆಯನ್ನು ಪರಿಶೀಲಿಸಿತು. ನೀರಿನ ಬಿಸಿ ತಗ್ಗಿಸಿದರೆ ಅನೇಕರಲ್ಲಿ ಫಿಟ್ಸ್ ತಪ್ಪುತ್ತದೆ. ಉಳಿದವರಿಗೆ ವೈದ್ಯರ ಸಲಹೆಯಂತೆ ತಲೆಸ್ನಾನಕ್ಕೆ ಮೊದಲು ತೆಗೆದುಕೊಳ್ಳುವ ಕ್ಲೋಬಜಾಮ್ ಮಾತ್ರೆ ನೆರವಾಗುತ್ತದೆ. ಆದರೂ ಎಣ್ಣೆಸ್ನಾನದ ದಿನ ಕುಸಿದುಬಿದ್ದ ಮಗುವಿಗೆ ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸುವವರನ್ನು ಕಂಡು ಮನಸ್ಸಿಗೆ ನೋವಾಗುತ್ತದೆ. ಆಶಾ ಕಾರ್ಯಕರ್ತೆಯರಿಗೆ ಈ ಲಕ್ಷಣಗಳ ಕುರಿತು ತರಬೇತಿ ನೀಡಿ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಭಿತ್ತಿಪತ್ರ ಹಚ್ಚಲು ಆರೋಗ್ಯ ಇಲಾಖೆ ಕ್ರಮ ಕೈಗೊಳ್ಳಬೇಕು.

– ಓರ್ವ ಓದುಗ, ಮಂಡ್ಯ