ಕೃಷ್ಣಮೃಗದ ಹಿಂದಿದ್ದ ಸೀರೆ ಎಲ್ಲಿ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನೀವು ಅಚ್ಚು ಹಾಕಿದ ಬೀದರ್‌ನ ಕೃಷ್ಣಮೃಗದ ಚಿತ್ರ ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ಅದರ ಹಿನ್ನೆಲೆ ಸುಳ್ಳು. ನಾನು ಬೀದರ್‌ನಲ್ಲಿ ಫೋಟೊ ಸ್ಟುಡಿಯೊ ನಡೆಸುವವನು. ವಧುವಿನ ಹಿಂದಿನ ಪ್ಲಾಸ್ಟಿಕ್ ಕುರ್ಚಿ, ನೀರಿನ ಕ್ಯಾನು, ಆಕಳಿಸುವ ಬೀಗರನ್ನು ಅಳಿಸುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಅಳಿಸಿದ ಗುರುತು ಬೇಗ ಕಣ್ಣಿಗೆ ಬೀಳುತ್ತದೆ. ಗಂಡು ಮೃಗದ ಎಡಗೊಂಬಿನ ಉಂಗುರಗಳು ನಡುವೆ ಒಂದು ಕಡೆ ನುಣ್ಣಗಾಗಿವೆ. ಬಲಕ್ಕೆ ಒಂದೇ ಹುಲ್ಲಿನ ತೆನೆ ಅದೇ ಬಾಗಿನಲ್ಲಿ ಅಕ್ಕಪಕ್ಕ ಮೂರು ಸಲ ಬಂದಿದೆ. ಗೂಟ ಮಾಯವಾಗಿದೆ, ಅದರ ನೆರಳು ಮಾತ್ರ ನೆಲದ ಮೇಲೆ ಹಾಗೆಯೇ ಬಿದ್ದಿದೆ!

ಮೂಲೆಯಲ್ಲಿ ಅಳಿಸಲು ಮರೆತ ಕೆಂಪು ಚೂರು ನೋಡಿದರೆ, ಅಲ್ಲಿದ್ದದ್ದು ಹೊಲದ ಬದುವಿನ ಗೂಟಗಳಿಗೆ ಕಟ್ಟಿದ ಹಳೆಯ ಸೀರೆ. ಹೆಸರು, ಉದ್ದು, ಸೋಯಾದ ಎಳೆ ಚಿಗುರಿಗೆ ಮೃಗಗಳು ಬಾಯಿ ಹಾಕದಿರಲಿ ಎಂದು ರೈತರು ಕಟ್ಟುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿರುವ ಪ್ರಾಣಿ. ಅದಕ್ಕೆ ಪೆಟ್ಟು ಮಾಡುವಂತಿಲ್ಲ, ಬೆಳೆ ಬಿಟ್ಟುಕೊಡಲೂ ಆಗದು. ನಮ್ಮ ಕಡೆ ಕೃಷ್ಣಮೃಗ ಬದುಕುವುದೇ ಹೀಗೆ, ಹೊಲದ ನಡುವೆ. ನಿಮ್ಮ ಚಿತ್ರದಲ್ಲಿ ಮಾತ್ರ ಅದು ಮನುಷ್ಯರೇ ಇಲ್ಲದ ಹಸಿರು ಮಂಜಿನಲ್ಲಿ ನಿಂತಿದೆ. ಬೆಳೆ ಹಾಳಾಯಿತೆಂದು ಅರ್ಜಿ ಹಿಡಿದು ಅಲೆಯುವ ರೈತನ ಮಾತನ್ನು ಇದನ್ನು ನೋಡಿದವರು ಹೇಗೆ ನಂಬಬೇಕು?

ಸ್ಪರ್ಧೆಗಳ ಆಸೆಯೂ ಇದಕ್ಕೆ ಕಾರಣ. ನಿಸರ್ಗ ವಿಭಾಗದಲ್ಲಿ ಮನುಷ್ಯನ ಕುರುಹು ಕಂಡರೆ ಚಿತ್ರ ಹೊರಬೀಳುತ್ತದೆಂಬ ಭಯ. ಆದರೆ ಫಿಯಾಪ್, ಪಿಎಸ್ಎಯಂತಹ ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳ ನಿಯಮದಲ್ಲಿ, ಮನುಷ್ಯರ ನಡುವೆ ಬದುಕಲು ಒಗ್ಗಿಕೊಂಡ ಕಣಜಗೂಬೆ, ಕೊಕ್ಕರೆಗಳಂತಹ ಜೀವಿಗಳ ಕಥೆಗೆ ಅಗತ್ಯವಾದರೆ ಅಂತಹ ಕುರುಹು ಇರಬಹುದು. ಅಂಚು ಕತ್ತರಿಸಬಹುದು. ಇದ್ದದ್ದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ.

ಹಿನ್ನೆಲೆ ಕಾಟ ಕೊಟ್ಟರೆ ಹೊಲದಲ್ಲೇ ದಾರಿಯಿದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಗೂಟ ಕೊಂಬಿನ ಹಿಂದಿನಿಂದ ತಪ್ಪುತ್ತದೆ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಉದ್ದ ಲೆನ್ಸಿನ ಅಪರ್ಚರ್ (ಬೆಳಕಿನ ಕಿಂಡಿ) ಪೂರ್ತಿ ತೆರೆದು, ಮೃಗ ಬದುವಿನಿಂದ ದೂರ ಬರುವವರೆಗೆ ಕಾದರೆ ಸೀರೆ ಬರಿಯ ಬಣ್ಣವಾಗಿ ಕರಗುತ್ತದೆ. ಅಂಗಿಗೆ ಕೆಮ್ಮಣ್ಣು ಹತ್ತುತ್ತದೆ, ಅಷ್ಟೇ. ಮೊಬೈಲಿನಲ್ಲಿ ಬೆರಳು ಸವರಿ ಅಳಿಸುವವರಿಗೆ ಇಷ್ಟು ಪುರುಸೊತ್ತು ಎಲ್ಲಿಯದು!

1982ರ ಫೆಬ್ರುವರಿಯಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆ ಮುಖಪುಟದ ಅಳತೆಗೆ ಹೊಂದಿಸಲು ಈಜಿಪ್ಟಿನ ಪಿರಮಿಡ್‌ಗಳನ್ನೇ ಹತ್ತಿರಕ್ಕೆ ಸರಿಸಿ ಬೈಸಿಕೊಂಡಿತ್ತು. ನಿಮಗೆ ಆ ಗತಿ ಬೇಡ. ವನ್ಯಜೀವಿ ಚಿತ್ರ ಕಳುಹಿಸುವವರಿಂದ ಕ್ಯಾಮೆರಾದ ಮೂಲ ಫೈಲನ್ನೂ ಕೇಳಿ. ಏನಾದರೂ ಅಳಿಸಿದ್ದರೆ ಚಿತ್ರದ ಕೆಳಗೆ ಒಂದು ಸಾಲು ಬರೆಯಿರಿ. ಫೈಲು ದೊಡ್ಡದು, ಹೋಗುವುದಿಲ್ಲ ಎಂಬ ನೆಪವನ್ನು ಒಪ್ಪಬೇಡಿ. ಅದಕ್ಕಿಂತ ದೊಡ್ಡ ಮದುವೆ ಆಲ್ಬಮ್‌ಗಳನ್ನು ನಾವು ದಿನವೂ ಮುದ್ರಣಕ್ಕೆ ಕಳುಹಿಸುತ್ತೇವೆ.

– ಸ್ಟುಡಿಯೊ ಛಾಯಾಗ್ರಾಹಕ, ಬೀದರ್