ತಮ್ಮನ ಪಕ್ಕ ಕೂರುವವರೊಬ್ಬರು ತಾಲ್ಲೂಕಿನಲ್ಲಿ ಬೇಕು

ಸಂಪಾದಕರೇ,

ಮೇ 24 ವಿಶ್ವ ಸ್ಕಿಜೋಫ್ರೇನಿಯಾ ದಿನ. ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಮನಸ್ಸಿನ ಕಾಯಿಲೆ ಅದು. ಪ್ರತಿ ವರ್ಷ ಆ ಹೊತ್ತಿಗೆ ಪತ್ರಿಕೆಗಳಲ್ಲಿ ಲೇಖನ ಬರುತ್ತವೆ. ಮಾತ್ರೆ ನಿಲ್ಲಿಸಬೇಡಿ, ಮಂತ್ರ ತಾಯಿತ ಅಂತ ಅಲೆಯಬೇಡಿ ಎಂದು ತಿಳಿಸಿ ಹೇಳುತ್ತಾರೆ. ಅದು ಬೇಕೇ ಬೇಕು. ಆದರೆ ಮಾತ್ರೆ ಕೆಲಸ ಮಾಡಿದ ಮೇಲೆ ಮುಂದೇನು ಅನ್ನುವುದನ್ನು ಬರೆಯುವವರು ಕಡಿಮೆ. ನಮ್ಮ ಮನೆಯ ಕಷ್ಟ ಇರುವುದೇ ಅಲ್ಲಿ.

ನಾನು ತಿಪಟೂರಿನಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ತಮ್ಮನಿಗೆ 34 ವರ್ಷ. ಈ ಕಾಯಿಲೆ ಶುರುವಾದಾಗ 26. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಆಗ ಅವನು ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತ. ಕೂಗಿದ ತೂಕವನ್ನು ಚೀಲ ಚೀಲಕ್ಕೂ ಬರೆದುಕೊಳ್ಳುವ ಕೆಲಸ. ನಲವತ್ತು ಚೀಲ ಆದರೂ ಬಾಯಲ್ಲೇ ಒಟ್ಟು ಹೇಳುತ್ತಿದ್ದ.

ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು. ನೆರೆಹೊರೆಯವರ ಮೇಲಿನ ಅನುಮಾನವೂ ಹೋಯಿತು. ವಾಸಿಯಾಯಿತು ಅಂದುಕೊಂಡು ಮತ್ತೆ ಮಂಡಿಗೆ ಕಳಿಸಿದೆವು. ಎಂಟು ದಿನ ನಿಲ್ಲಲಿಲ್ಲ. ಒಂದು ತೂಕ ಬರೆಯುವಷ್ಟರಲ್ಲಿ ಇನ್ನೊಂದು ಕೂಗುತ್ತಿದ್ದರು. ಮೊದಲನೆಯದು ತಲೆಯಿಂದ ಜಾರಿಹೋಗುತ್ತಿತ್ತು. ಮನೆಗೆ ಬಂದು, ‘ಅಕ್ಕ, ನಾನು ದಡ್ಡ ಆಗ್ಬಿಟ್ನಾ?’ ಅಂದ. ಹಾಲು, ಬೆಂಕಿಪೊಟ್ಟಣ, ಸೋಪು ತಾ ಅಂದರೆ ಹಾಲು ಮಾತ್ರ ತರುತ್ತಿದ್ದ. ನಾವು ಸೋಮಾರಿ ಅಂದೆವು. ನಾನೂ ಅಂದಿದ್ದೇನೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅದು ಸೋಮಾರಿತನವಲ್ಲ, ಕಾಯಿಲೆಯದೇ ಇನ್ನೊಂದು ಮುಖ ಅಂತ ಗೊತ್ತಾಗಿದ್ದು ಬೆಂಗಳೂರಿನ ಮನಶ್ಶಾಸ್ತ್ರಜ್ಞೆಯೊಬ್ಬರಿಂದ. ಗಮನ ಹಿಡಿದಿಡುವುದು, ಕೇಳಿದ್ದನ್ನು ಒಂದು ಗಳಿಗೆ ನೆನಪಲ್ಲಿ ಇಟ್ಟುಕೊಳ್ಳುವುದು, ಬೇಗ ಯೋಚಿಸುವುದು, ಇವು ಈ ಕಾಯಿಲೆಯಲ್ಲಿ ಕುಂದುತ್ತವೆ. ದನಿ, ಭ್ರಮೆಗಳಿಗೆ ಮಾತ್ರೆ ಹಿಡಿದಷ್ಟು ಇವಕ್ಕೆ ಹಿಡಿಯುವುದಿಲ್ಲ. ಇವಕ್ಕೆ ಬೇರೆ ಅಭ್ಯಾಸ ಬೇಕು. ಕಂಪ್ಯೂಟರಿನಲ್ಲಿ ಮಾಡಿಸುವ ತರಬೇತಿ ಅದರಲ್ಲೊಂದು.

ವಾರಕ್ಕೆ ಎರಡು ದಿನ ರೈಲು ಹತ್ತಿ ಹೋದೆವು. ಪರದೆಯ ಮೇಲೆ ಒಂದೊಂದೇ ತರಕಾರಿ ಬರುತ್ತದೆ. ಈಗ ಬಂದಿದ್ದು ಎರಡು ಚಿತ್ರದ ಹಿಂದೆ ಬಂದಿದ್ದೇ ಆದರೆ ಗುಂಡಿ ಒತ್ತಬೇಕು. ಸರಿ ಒತ್ತಿದಷ್ಟೂ ಆಟ ಕಷ್ಟವಾಗುತ್ತದೆ, ತಪ್ಪಿದರೆ ತಾನೇ ಸುಲಭವಾಗುತ್ತದೆ. ಮೊದಲ ದಿನ ತಮ್ಮ ಬೆವತು ಎದ್ದುಬಿಟ್ಟ. ಆ ಮೇಡಂ ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ‘ಬದನೆ, ಟೊಮೇಟೊ, ಬದನೆ ಅಂತ ಬಾಯಲ್ಲಿ ಹೇಳ್ಕೊಳ್ಳಿ, ನೋಡೋಣ’ ಅಂದರು. ಹೇಳಿಕೊಂಡ. ಸರಿ ಹೋಯಿತು. ಆಟ ಮುಗಿದ ಮೇಲೆ, ‘ಇದೇ ಉಪಾಯ ಮಂಡಿಯಲ್ಲಿ ಎಲ್ಲಿ ಬರುತ್ತೆ?’ ಅಂತ ಕೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೂಗಿದ ತೂಕ ಒಂದ್ಸಲ ಬಾಯಲ್ಲಿ ಹೇಳಿ ಬರ್ಕೋಬೋದು’ ಅಂದ. ಎಷ್ಟೋ ತಿಂಗಳಿಂದ ಅವನ ಬಾಯಲ್ಲಿ ಅಷ್ಟು ಉದ್ದದ ಮಾತು ಕೇಳಿರಲಿಲ್ಲ.

ಒಂಬತ್ತು ವಾರಕ್ಕೆ ನಿಲ್ಲಿಸಬೇಕಾಯಿತು. ವಾರಕ್ಕೆರಡು ದಿನ ಅಂಗಡಿ ಬಾಗಿಲು ಹಾಕಿದರೆ ಬಾಡಿಗೆ ಕಟ್ಟುವುದು ಹೇಗೆ? ಬದಲಿಗೆ ದುಡ್ಡು ಕೊಟ್ಟು ಫೋನಿಗೆ ಒಂದು ಆ್ಯಪ್ ಹಾಕಿಸಿಕೊಂಡೆ. ಎಲ್ಲ ಇಂಗ್ಲಿಷ್. ತಮ್ಮ ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಅಕ್ಷರ ಹುಡುಕುವುದಕ್ಕೇ ತಡವಾಗುತ್ತಿತ್ತು, ಆ್ಯಪ್ ಅದನ್ನೂ ನಿಧಾನ ಅಂತ ಲೆಕ್ಕ ಹಾಕುತ್ತಿತ್ತು. ಅವನ ಕಾಯಿಲೆಗೂ ಭಾಷೆಗೂ ಇರುವ ವ್ಯತ್ಯಾಸ ಅದಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ? ಒಬ್ಬನೇ ಕೂತು ಹದಿನೈದು ದಿನ ಆಡಿ ಬಿಟ್ಟ.

ಮೇಡಂ ಫೋನಿನಲ್ಲಿ ದಾರಿ ತೋರಿಸಿದರು. ಅಂಗಡಿ ತೆರೆಯುವ ಮೊದಲು, ಬೆಳಿಗ್ಗೆ ಎಂಟಕ್ಕೆ, ನಾನು ಅವನ ಪಕ್ಕ ಕೂರುತ್ತೇನೆ. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದಲ್ಲಿ ನಾನೇ ಹಾಳೆಗಳನ್ನು ಟೈಪ್ ಮಾಡಿದೆ. ಹಾಳೆ ತುಂಬ ಮ, ಯ, ವ, ಪ. ಒಂದಕ್ಕೊಂದು ಎಷ್ಟು ಹೋಲುತ್ತವೆ ನೋಡಿ. ಅದರಲ್ಲಿ ‘ವ’ ಮಾತ್ರ ಹೊಡೆದುಹಾಕಬೇಕು. ಮನೆಯಲ್ಲಿ ಅಮ್ಮ ಮೊರದಲ್ಲಿ ಹೆಸರು, ಅಲಸಂದೆ, ಹುರುಳಿ ಬೆರೆಸಿ ಕೊಡುತ್ತಾರೆ. ಗಡಿಯಾರ ಇಟ್ಟುಕೊಂಡು ಬೇರೆ ಮಾಡುತ್ತಾನೆ. ಕಾಳು ಬೇರೆ ಮಾಡಿಸುವುದು, ಅಕ್ಷರ ಹೊಡೆಸುವುದು ನಿಮ್ಹಾನ್ಸ್‌ನ ತಜ್ಞರು ಬಳಸುವ ಅಭ್ಯಾಸಗಳೇ. ಕಾಯಿಲೆ ಹೊಸದಾಗಿ ಬಂದವರಿಗೆ ಮನೆಯಲ್ಲೇ ಇಂಥ ತರಬೇತಿ ಕೊಟ್ಟು ನೋಡಿದ ಅಧ್ಯಯನವನ್ನೂ ಅವರು 2012ರಲ್ಲೇ ಪ್ರಕಟಿಸಿದ್ದಾರೆ.

ಮೇಡಂ ಒಂದು ಸಂಶೋಧನಾ ಲೇಖನ ಕಳಿಸಿದ್ದರು, ಅದರ ಪ್ರಿಂಟ್ ನನ್ನ ಅಂಗಡಿಯಲ್ಲೇ ತೆಗೆದೆ. 2021ರದು. ಬೇರೆ ಬೇರೆ ಕಡೆ ನಡೆದ 130 ಪ್ರಯೋಗ, 8,851 ಜನ. ತರಬೇತಿಯಿಂದ ಬುದ್ಧಿಯ ಚುರುಕೂ ಹೆಚ್ಚಿತು, ದಿನದ ಬದುಕೂ ಸುಧಾರಿಸಿತು. ಪವಾಡವಲ್ಲ, ಲಾಭ ಸಣ್ಣದರಿಂದ ಮಧ್ಯಮ ಮಟ್ಟದ್ದು. ಆದರೆ ತರಬೇತುದಾರರು ಪಕ್ಕದಲ್ಲಿದ್ದು ಉಪಾಯ ಕಲಿಸಿದಾಗ, ಕೆಲಸ ಕಲಿಸುವಂಥ ಪುನರ್ವಸತಿಯ ಜೊತೆ ಸೇರಿಸಿದಾಗ ಲಾಭ ಜಾಸ್ತಿ. ಓದಿದಾಗ ನನಗೆ ಆ ಆ್ಯಪಿನ ಹದಿನೈದು ದಿನ ನೆನಪಾಯಿತು.

ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮ ಇದೆ, ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರಬೇಕು ಅಂತ ಮಾಡಿದ್ದು. ಆ ದಿನವೇ ಮನಶ್ಶಾಸ್ತ್ರಜ್ಞರೊಬ್ಬರೂ ಬರಲಿ. ಒಂದು ಕೋಣೆ, ಎರಡು ಕಂಪ್ಯೂಟರ್, ಕನ್ನಡದ ಆಟಗಳು ಸಾಕು. ಉಳಿದ ದಿನ ಪಕ್ಕ ಕೂರುವುದನ್ನು ಮನೆಯವರಿಗೆ ಕಲಿಸಿಕೊಡಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿ ಸರ್ಕಾರ ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ಪುನರ್ವಸತಿಯೂ ಇದೆ. ನಾವು ಭಿಕ್ಷೆ ಬೇಡುತ್ತಿಲ್ಲ.

ತಮ್ಮ ಈಗ ಹರಾಜಿನ ದಿನ ಮಾತ್ರ ಮಂಡಿಗೆ ಹೋಗುತ್ತಾನೆ. ಅರ್ಧ ದಿನದ ಕೆಲಸ. ತೂಕವನ್ನು ಒಮ್ಮೆ ಬಾಯಲ್ಲಿ ಹೇಳಿ ಆಮೇಲೆ ಬರೆಯುತ್ತಾನೆ. ಅಲ್ಲಿನವರು ಕಾಯುತ್ತಾರೆ, ಅವರಿಗೆ ನಾನು ಋಣಿ.

ಟೈಪ್ ಮಾಡಿದ ಹಾಳೆಗಳು ನನ್ನ ಹತ್ತಿರ ಇವೆ. ಯಾವ ಸರ್ಕಾರಿ ಆಸ್ಪತ್ರೆಯವರು ಕೇಳಿದರೂ ಪ್ರಿಂಟ್ ಹಾಕಿ ಕೊಡುತ್ತೇನೆ. ತಿಳಿದವರು ತಿದ್ದಿ ಬಳಸಿಕೊಳ್ಳಲಿ.

ಒಬ್ಬ ಅಕ್ಕ, ತಿಪಟೂರು