ಬಿಟ್ಟುಹೋದ ಮೂರು ಕಟ್ಟಡಗಳು

ಪ್ರೀತಿಯ ಗೆಳೆಯಾ,

ಸ್ಟಾರ್ಟ್‌ಅಪ್‌ಗಳು ಹೂಡಿಕೆದಾರರ ಮುಂದೆ ತಮ್ಮ ಕೆಲಸ ವಿವರಿಸಿ ಹಣ ಕೇಳುವ ಪಿಚ್ ಕೇಳಲು ಹೊರಟಿದ್ದೇನೆ ಎಂದಾಗ ‘ಬಂದ ಮೇಲೆ ಒಂದೂ ಬಿಡದೆ ಬರಿ’ ಎಂದು ನೀನು ಹೇಳಿದ್ದೆ. ಒಂದೂ ಬಿಡದೆ ಬರೆಯಲು ಆಗುವುದಿಲ್ಲ ಮಾರಾಯ. ಹನ್ನೆರಡು ತಂಡ, ಒಂದೊಂದಕ್ಕೂ ಐದು ನಿಮಿಷ, ಆಮೇಲೆ ಮೂರು ನಿಮಿಷ ಪ್ರಶ್ನೆ. ಅವುಗಳಲ್ಲಿ ಏಳೆಂಟು ಈಗಾಗಲೇ ತಲೆಯಲ್ಲಿ ಒಂದಕ್ಕೊಂದು ಕಲಸಿಹೋಗಿವೆ. ಹೆಚ್ಚಿನವರ ಎರಡನೇ ಸ್ಲೈಡಿನಲ್ಲೇ ಎಐ ಬಂತು. ಮಾರುಕಟ್ಟೆಯ ಗಾತ್ರ ತೋರಿಸುವ ಒಂದರೊಳಗೊಂದು ವೃತ್ತಗಳೂ ಬಂದವು. ‘ಇದರಲ್ಲಿ ಒಂದು ಪರ್ಸೆಂಟ್ ಸಿಕ್ಕರೂ ಸಾಕು’ ಎಂಬ ಮಾತನ್ನು ಮೂರು ಸಲ ಕೇಳಿದೆ. ಆ ಒಂದು ಪರ್ಸೆಂಟಿನಲ್ಲಿ ಮೊದಲ ಹತ್ತು ಜನ ಯಾರು ಎಂದು ಕೇಳಿದರೆ ಮಾತ್ರ ಮೂವರೂ ತಡವರಿಸಿದರು.

ಒಬ್ಬಾಕೆಯ ಪಿಚ್ ಈಗಲೂ ಕಿವಿಯಲ್ಲಿದೆ. ಲಿಫ್ಟ್ ಕೆಟ್ಟು ನಿಲ್ಲುವ ಮುಂಚೆಯೇ ಮೆಕ್ಯಾನಿಕ್‌ಗೆ ಸುಳಿವು ಕೊಡುವ ಪುಟ್ಟ ಸೆನ್ಸರ್ ಅವರದು. ಮೊದಲ ವರ್ಷ ಅದನ್ನು ಮೋಟಾರಿಗೆ ಅಂಟಿಸಿದ್ದರಂತೆ. ಅದರ ಅದುರು, ಬಿಸಿ ಎಲ್ಲ ಅಳೆದು ಅಂದವಾದ ಗ್ರಾಫ್ ಬರುತ್ತಿತ್ತು, ಆದರೆ ಮೆಕ್ಯಾನಿಕ್‌ಗಳು ಅದರತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಯಾಕೆಂದು ತಿಳಿಯಲು ಮೂರು ತಿಂಗಳು ಅವರ ಬೆನ್ನ ಹಿಂದೆಯೇ ಅಲೆದರು. ಬರುವ ದೂರುಗಳಲ್ಲಿ ಹೆಚ್ಚಿನವು ಬಾಗಿಲಿನವು ಎಂದು ಗೊತ್ತಾದದ್ದು ಆಗ. ಲಿಫ್ಟಿನಲ್ಲಿ ದಿನವಿಡೀ ತೆರೆದು ಮುಚ್ಚಿ ಸವೆಯುವುದು ಅದೇ ತಾನೆ! ಬಾಗಿಲು ಜಾರುವ ಜಾಗದಲ್ಲಿ ಒಂದು ಹರಳುಕಲ್ಲು ಸಿಕ್ಕಿಕೊಂಡರೂ ಸಾಕು, ಬಾಗಿಲು ಪೂರ್ತಿ ಮುಚ್ಚಿತೆಂಬ ಸಂಕೇತ ಹೋಗುವುದಿಲ್ಲ. ಅದು ಹೋಗದೆ ಲಿಫ್ಟ್ ಕದಲುವುದಿಲ್ಲ. ಆಕೆ ಒಂದು ವರ್ಷದ ಕೆಲಸವನ್ನು ಬದಿಗಿಟ್ಟು, ಬಾಗಿಲು ಮುಚ್ಚಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೊಂದನ್ನೇ ಅಳೆಯತೊಡಗಿದರು.

‘ಎಷ್ಟು ಗ್ರಾಹಕರಿದ್ದಾರೆ?’ ಎಂದು ಮುಂದಿನ ಸಾಲಿನಿಂದ ಪ್ರಶ್ನೆ ಬಂತು. ‘ಹದಿನಾಲ್ಕು ಕಟ್ಟಡಗಳು ಬಂದವು, ಮೂರು ಬಿಟ್ಟುಹೋದವು’ ಎಂದರು. ಬಿಟ್ಟದ್ದು ಯಾಕೆಂದು ಯಾರೂ ಕೇಳಿರಲಿಲ್ಲ, ತಾವಾಗಿಯೇ ಹೇಳಿದರು. ಒಂದರಲ್ಲಿ ಲಿಫ್ಟ್ ತೀರಾ ಹೊಸದು, ಕೆಡುತ್ತಲೇ ಇರಲಿಲ್ಲ. ಇನ್ನೊಂದರಲ್ಲಿ ಎಚ್ಚರಿಕೆಯ ಮೆಸೇಜ್ ಮೆಕ್ಯಾನಿಕ್‌ಗೆ ಹೋಗುವ ಬದಲು ಕಟ್ಟಡದ ಮ್ಯಾನೇಜರ್‌ಗೆ ಹೋಗುತ್ತಿತ್ತು, ಅದು ನಮ್ಮದೇ ತಪ್ಪು ಎಂದರು. ಮೂರನೆಯದರಲ್ಲಿ ಒಂದೇ ವಾರದಲ್ಲಿ ನಾಲ್ಕು ಸುಳ್ಳು ಎಚ್ಚರಿಕೆ ಹೋದವು, ಐದನೆಯದು ನಿಜವಿತ್ತು, ಯಾರೂ ನಂಬಲಿಲ್ಲ. ಇದನ್ನು ಹೇಳುವಾಗ ಆಕೆಯ ದನಿ ಸ್ವಲ್ಪ ಇಳಿಯಿತು. ನನ್ನ ಹತ್ತಿರ ಹೂಡಲು ಹಣವಿದ್ದಿದ್ದರೆ ಆ ಕ್ಷಣವೇ ಕೊಟ್ಟುಬಿಡುತ್ತಿದ್ದೆ.

ಇದಾದ ಮೇಲೆ ಬಂದವರದು 40,000 ಡೌನ್‌ಲೋಡ್ ಕಂಡ ಆ್ಯಪ್. ಎಷ್ಟು ಜನ ಬಿಡುತ್ತಾರೆ ಎಂದಿದ್ದಕ್ಕೆ ‘ತಿಂಗಳಿಗೆ ಹತ್ತು ಪರ್ಸೆಂಟ್ ಅಷ್ಟೇ’ ಎಂದರು. ಕೂತಲ್ಲೇ ಲೆಕ್ಕ ಹಾಕಿದೆ. ತಿಂಗಳಿಗೆ ಹತ್ತರಲ್ಲೊಬ್ಬರು ಹೋದರೆ, ಇಂದು ಇರುವ ನೂರು ಜನರಲ್ಲಿ ವರ್ಷದ ಕೊನೆಗೆ ಉಳಿಯುವುದು 28 ಮಂದಿ. ಹೋದ 72 ಜನರ ಬಗ್ಗೆ ಅವರ ಒಂದು ಸ್ಲೈಡಿನಲ್ಲೂ ಮಾತಿರಲಿಲ್ಲ. ಬುದ್ಧಿವಂತ ಹುಡುಗರು, ರಾತ್ರಿ ಹಗಲು ದುಡಿದಿದ್ದಾರೆ, ಅದಕ್ಕೇ ಇನ್ನಷ್ಟು ಬೇಸರವಾಯಿತು.

ಲಿಫ್ಟಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 1854ರಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟಲ್ ಪ್ಯಾಲೇಸ್ ವಸ್ತುಪ್ರದರ್ಶನದಲ್ಲಿ ಲಿಫ್ಟಿಗೆ ಸುರಕ್ಷಾ ಬ್ರೇಕ್ ರೂಪಿಸಿದ್ದ ಎಲಿಷಾ ಓಟಿಸ್ ಮೇಲೆತ್ತಿದ ಲಿಫ್ಟಿನ ಹಲಗೆಯ ಮೇಲೆ ತಾನೇ ನಿಂತು, ಅದರ ಹಗ್ಗ ಕತ್ತರಿಸಲು ಹೇಳಿದ. ಹಲಗೆ ಚೂರು ಜಾರಿ ಅಲ್ಲೇ ಕಚ್ಚಿಕೊಂಡು ನಿಂತಿತು. ಸರಕು ಎತ್ತುವ ಲಿಫ್ಟ್‌ಗಳು ಅದಕ್ಕೂ ಮೊದಲೇ ಇದ್ದವು. ಹಗ್ಗ ಹರಿದರೆ ಗತಿಯೇನು ಎಂಬ ಭಯವೊಂದು ಜನರಲ್ಲಿತ್ತು, ಆತ ಉತ್ತರ ಕೊಟ್ಟದ್ದು ಅದೊಂದಕ್ಕೇ. ಮಾರುಕಟ್ಟೆಯ ವೃತ್ತಗಳನ್ನು ನೋಡುತ್ತಾ ಕೂತಾಗಲೆಲ್ಲ ನನಗೆ ಆ ಹಗ್ಗ ನೆನಪಾಗುತ್ತಿತ್ತು.

ಒಬ್ಬ ಹುಡುಗನ ಡೆಮೊ ನೆಟ್ ಕೈಕೊಟ್ಟು ನಿಂತೇಹೋಯಿತು. ಐದರಲ್ಲಿ ಎರಡು ನಿಮಿಷ ತೆರೆಯ ಮೇಲೆ ಬರೀ ಚಕ್ರ ತಿರುಗುತ್ತಿತ್ತು. ಅವನ ಮುಖ ನೋಡಲಾಗಲಿಲ್ಲ. ನೀನೇನಾದರೂ ವೇದಿಕೆ ಹತ್ತಿದರೆ ಡೆಮೊವನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೋ. ಅದರಿಂದ ಮರ್ಯಾದೆಯೇನೂ ಕಡಿಮೆಯಾಗದು. 2008ರಲ್ಲಿ, ಫೈಲುಗಳನ್ನು ಇಂಟರ್‌ನೆಟ್‌ನಲ್ಲಿ ಇಟ್ಟುಕೊಳ್ಳುವ ಸೇವೆಯಾದ ಡ್ರಾಪ್‌ಬಾಕ್ಸ್‌ನವರು ಎಲ್ಲರಿಗೂ ಬಾಗಿಲು ತೆರೆಯುವ ಮೊದಲು ಹೊರಬಿಟ್ಟದ್ದು ಒಂದು ಪುಟ್ಟ ವಿಡಿಯೊ ಅಷ್ಟೇ. ಕಾಯುವವರ ಪಟ್ಟಿ ಒಂದೇ ರಾತ್ರಿಯಲ್ಲಿ 5,000ದಿಂದ 75,000ಕ್ಕೆ ಏರಿತ್ತು.

ಇನ್ನೊಂದು ತಂಡದಲ್ಲಿ ಇಬ್ಬರು ಬಾಲ್ಯಸ್ನೇಹಿತರು. ‘ನಿಮ್ಮಲ್ಲೊಬ್ಬರು ಆರು ತಿಂಗಳಲ್ಲಿ ಬಿಟ್ಟುಹೋದರೆ ಕಂಪನಿಯಲ್ಲಿ ಅವರ ಪಾಲು ಏನಾಗುತ್ತದೆ?’ ಎಂಬ ಪ್ರಶ್ನೆಗೆ ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಸಾಮಾನ್ಯವಾಗಿ ಪಾಲು ನಾಲ್ಕು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕೈಸೇರುವಂತೆ, ಮೊದಲ ವರ್ಷ ಮುಗಿಯುವ ಮೊದಲೇ ಹೊರಟರೆ ಏನೂ ಸಿಗದಂತೆ ಬರೆದುಕೊಳ್ಳುತ್ತಾರೆ. ಸ್ನೇಹಿತರ ನಡುವೆ ಈ ಮಾತು ಎತ್ತುವುದು ಕಷ್ಟ, ಬಲ್ಲೆ. ಆದರೂ ನೀನೂ ನಿನ್ನ ಜೊತೆಗಾರನೂ ಇದನ್ನು ಈ ತಿಂಗಳೇ ಬರೆದುಕೊಳ್ಳಿ.

ಪಿಚ್ ಮುಗಿದ ಮೇಲೆ ಎಲ್ಲರೂ ವಿಸಿಟಿಂಗ್ ಕಾರ್ಡ್ ಹಿಡಿದು ಹೂಡಿಕೆದಾರರ ಸುತ್ತ ನೆರೆದರು. ನಾನು ಲಿಫ್ಟಿನಾಕೆಯನ್ನು ಹುಡುಕಿಕೊಂಡು ಹೋದೆ. ಹೊಗಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು: ‘ನೀವು ದಿನಾ ಹತ್ತುವ ಲಿಫ್ಟಿನಲ್ಲಿ ಯಾವ ಮಹಡಿಯ ಬಾಗಿಲು ತಡವಾಗಿ ಮುಚ್ಚುತ್ತದೆ?’ ಯೋಚಿಸಿ, ಮೂರನೆಯದು ಎಂದೆ. ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಬರೆದುಕೊಂಡರು. ಪುಟದ ತುಂಬಾ ಅಂಥವೇ ಸಾಲುಗಳಿದ್ದವು.

ಆಗಲೇ ನೀನು ನೆನಪಾದೆ. ಶಾಲೆಯಲ್ಲಿ ಟೀಚರ್ ರಜೆ ಹಾಕಿದ ದಿನ ಅವರ ಪೀರಿಯಡ್‌ಗೆ ಯಾರು ಹೋಗಬೇಕೆಂದು ಹೇಳುವ ನಿನ್ನ ಆ್ಯಪನ್ನು ಎರಡು ಶಾಲೆಗಳು ಬಳಸಿ, ಒಂದು ಬಿಟ್ಟಿತು ಎಂದಿದ್ದೆಯಲ್ಲ? ‘ಬಿಡು, ಅವರಿಗೆ ಟೆಕ್ನಾಲಜಿ ಆಗಿಬರೋಲ್ಲ’ ಎಂದು ನೀನು ಮಾತು ಮುಗಿಸಿದಾಗ ನಾನೂ ಹೂಂ ಎಂದಿದ್ದೆ. ಹಾಗೆ ಅನ್ನಬಾರದಿತ್ತು. ಆ ಶಾಲೆಯಲ್ಲಿ ಬೆಳಗ್ಗೆ ಆ ಪಟ್ಟಿ ಬರೆಯುವವರು ಯಾರು, ಈಗ ಎಲ್ಲಿ ಬರೆಯುತ್ತಾರೆ, ನಿನ್ನ ಆ್ಯಪ್ ತೆರೆದ ಕೊನೆಯ ದಿನ ಏನಾಯಿತು, ಇಷ್ಟನ್ನು ಅವರ ಪಕ್ಕ ಕೂತು ಕೇಳೋಣ. ಫೋನಿನಲ್ಲಿ ಬೇಡ. ಶನಿವಾರ ನನಗೆ ಬಿಡುವಿದೆ, ಶಾಲೆ ತೆರೆಯುವ ಅರ್ಧ ಗಂಟೆ ಮೊದಲೇ ಗೇಟಿನ ಹತ್ತಿರ ಇರುತ್ತೇನೆ. ನೋಟ್‌ಬುಕ್ ತಾ.

ನಿನ್ನ ಗೆಳೆಯ